ಬಿ.ಇ. ಆದ್ಮೇಲೆ ಇಂಡಸ್ಟ್ರಿಯಲ್ ಡಿಸೈನ್: ಮೆಣಸಿನ ಏಣಿಯಿಂದ ಶುರು ಮಾಡೋಣ

ಆರನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನಮ್ಮೆಲ್ಲರ ಮುಂದೆ ಇರುವ ದಾರಿಗಳು ಯಾವುವು? ಕ್ಯಾಂಪಸ್ ಪ್ಲೇಸ್‌ಮೆಂಟ್, ಗೇಟ್, ಎಂ.ಬಿ.ಎ., ಇಲ್ಲದಿದ್ರೆ ಕೆ.ಎ.ಎಸ್. ಕೋಚಿಂಗ್. ಈ ಪಟ್ಟಿಯಲ್ಲಿ ಇಂಡಸ್ಟ್ರಿಯಲ್ ಡಿಸೈನ್ ಅನ್ನೋ ಹೆಸರು ಬರೋದೇ ಅಪರೂಪ. ಬಂದರೂ 'ಓ, ಅದು ಡ್ರಾಯಿಂಗ್ ಚೆನ್ನಾಗಿ ಬರೋರಿಗೆ' ಅಂತ ಹೇಳಿ ಮುಂದಿನ ಮಾತಿಗೆ ಹೋಗಿಬಿಡ್ತೀವಿ. ಮನೆಯಲ್ಲಿ ಹೇಳಿದರಂತೂ ಅಪ್ಪ ಕೇಳುವ ಮೊದಲ ಪ್ರಶ್ನೆ ಗೊತ್ತೇ ಇದೆ: 'ನಾಲ್ಕು ವರ್ಷ ಮೆಕ್ಯಾನಿಕಲ್ ಓದಿ ಈಗ ಚಿತ್ರ ಬರೆಯೋಕೆ ಹೋಗ್ತೀಯೇನೋ?'

ಇಂಡಸ್ಟ್ರಿಯಲ್ ಡಿಸೈನ್ ಅಂದ್ರೆ ಏನು, ಇಂಜಿನಿಯರಿಂಗ್ ಓದಿದವರು ಅದಕ್ಕೆ ಹೇಗೆ ಹೋಗಬಹುದು, ಯಾವ ಪರೀಕ್ಷೆ, ಎಲ್ಲಿ ಓದು, ಈಗಿನಿಂದಲೇ ಏನು ತಯಾರಿ ಅನ್ನೋದನ್ನ ಈ ಲೇಖನದಲ್ಲಿ ವಿವರಿಸ್ತೀವಿ. ಸಾಮಾನ್ಯವಾಗಿ ಇಂಥ ಲೇಖನಗಳು ಐಫೋನ್‌ನಿಂದಲೋ ಯಾವುದೋ ಜರ್ಮನ್ ಕಾರಿನಿಂದಲೋ ಶುರುವಾಗುತ್ತವೆ. ನಾವು ಅಷ್ಟು ದೂರ ಹೋಗಲ್ಲ. ಹಾಸನದಿಂದ ಸಕಲೇಶಪುರಕ್ಕೆ ಸುಮಾರು 40 ಕಿ.ಮೀ., ಆಲೂರು ಇನ್ನೂ ಹತ್ತಿರ. ಅಲ್ಲಿನ ಕಾಫಿ ತೋಟಗಳಲ್ಲಿ ದಿನಾ ಬಳಸುವ ಒಂದು ವಸ್ತು ಇದೆ. ಈ ವಿಷಯ ಅರ್ಥ ಆಗೋಕೆ ಅದೊಂದೇ ಸಾಕು.

ಏಣಿ ಒಂದು, ಪ್ರಶ್ನೆ ಹತ್ತು

ಸಕಲೇಶಪುರ, ಆಲೂರು ಕಡೆಯ ತೋಟ ನೋಡಿದವರಿಗೆ ಅಲ್ಲಿನ ಚಿತ್ರ ಗೊತ್ತು. ಕೆಳಗೆ ಕಾಫಿ ಗಿಡ, ಮೇಲೆ ನೆರಳಿಗೆ ಅಂತ ಬೆಳೆಸಿದ ಸಿಲ್ವರ್ ಓಕ್ ಮತ್ತು ಕಾಡು ಮರಗಳು, ಆ ಮರಗಳಿಗೆ ಹಬ್ಬಿದ ಕರಿಮೆಣಸಿನ ಬಳ್ಳಿ. ಕಾಫಿ ಕುಯ್ಲು ಮುಗಿಯುತ್ತಾ ಬಂದ ಹಾಗೆ ಮೆಣಸಿನ ಕುಯ್ಲು ಶುರು. ಬಳ್ಳಿ ಇಪ್ಪತ್ತು, ಮೂವತ್ತು ಅಡಿ ಮೇಲೆ ಹೋಗಿರುತ್ತೆ. ಕೆಲಸದವರು ಸೊಂಟಕ್ಕೆ ಚೀಲ ಕಟ್ಟಿಕೊಂಡು, ಮರಕ್ಕೆ ಏಣಿ ಒರಗಿಸಿ, ಹತ್ತಿ, ಒಂದೊಂದೇ ಗೊಂಚಲು ಬಿಡಿಸಬೇಕು.

ಹಿಂದೆ ಎಲ್ಲ ಕಡೆ ಬಿದಿರಿನ ಏಣಿ ಇತ್ತು. ಬಿದಿರು ಹಗುರ, ಊರಲ್ಲೇ ಸಿಗುತ್ತೆ, ಆದರೆ ಹುಳ ಹಿಡಿಯುತ್ತೆ, ಮಳೆಗೆ ಕೊಳೆಯುತ್ತೆ, ಯಾವಾಗ ಮುರಿಯುತ್ತೆ ಅಂತ ಹೇಳೋಕಾಗಲ್ಲ. ಆಮೇಲೆ ಅಲ್ಯೂಮಿನಿಯಂ ಏಣಿ ಬಂತು. ತುಕ್ಕು ಹಿಡಿಯಲ್ಲ, ಕೊಳೆಯಲ್ಲ, ಒಬ್ಬರೇ ಎತ್ತಿಕೊಂಡು ಹೋಗಬಹುದು, ವರ್ಷಗಟ್ಟಲೆ ಬಾಳಿಕೆ. ನಮ್ಮ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪುಸ್ತಕ ತೆಗೆದು ನೋಡಿದರೆ ಇದಕ್ಕೆ ಫುಲ್ ಮಾರ್ಕ್ಸ್.

ಆದರೆ ಅದೇ ಏಣಿ ವಿದ್ಯುತ್ ತಂತಿಗೆ ತಗುಲಿ ಕೂಲಿ ಕಾರ್ಮಿಕರು ಸತ್ತ ಸುದ್ದಿ ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ಸೀಮೆಯಿಂದ ಆಗಾಗ ಬರುತ್ತಲೇ ಇದೆ. ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು. ಅದನ್ನು ಓದಿ 'ಅಯ್ಯೋ ಪಾಪ, ನೋಡಿಕೊಂಡು ಕೆಲಸ ಮಾಡಬೇಕಿತ್ತು' ಅಂತೀವಿ.

ಈಗ ಒಂದು ಸಣ್ಣ ಲೆಕ್ಕ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮದಂತೆ, ರಸ್ತೆಯಲ್ಲದ ಜಾಗದಲ್ಲಿ 11 ಕಿಲೋವೋಲ್ಟ್‌ವರೆಗಿನ ಬರಿ ತಂತಿ ನೆಲದಿಂದ ಕನಿಷ್ಠ 4.6 ಮೀಟರ್ ಎತ್ತರದಲ್ಲಿ ಇರಬೇಕಿತ್ತು. ಅಂದ್ರೆ ಸುಮಾರು 15 ಅಡಿ. 20 ಅಡಿಯ ಏಣಿಯನ್ನು ನೆಟ್ಟಗೆ ಹಿಡಿದರೆ ಅದರ ತುದಿ ಇರುವುದು 6 ಮೀಟರ್ ಎತ್ತರದಲ್ಲಿ. ತಂತಿ ನಿಯಮದ ಪ್ರಕಾರವೇ ಇದೆ. ಏಣಿಯೂ ಅದರ ಅಳತೆ ಪ್ರಕಾರ ಸರಿಯಾಗೇ ಇದೆ. ಎರಡೂ ಒಂದೇ ತೋಟದಲ್ಲಿ ಸೇರಿದಾಗ ಒಂದೂವರೆ ಮೀಟರ್ ಹೆಚ್ಚಾಗುತ್ತೆ. 'ನೋಡಿಕೊಂಡು ಮಾಡಬೇಕಿತ್ತು' ಅನ್ನೋ ಮಾತು ಈ ಒಂದೂವರೆ ಮೀಟರಿನ ಭಾರವನ್ನ ಕೂಲಿಯವನ ತಲೆ ಮೇಲೆ ಹಾಕುತ್ತೆ.

ಇನ್ನೊಂದು ಪ್ರಶ್ನೆ. ಒಂದು ಮರದಿಂದ ಇನ್ನೊಂದು ಮರಕ್ಕೆ ಹೋಗುವಾಗ ಏಣಿಯನ್ನ ಮಲಗಿಸಿ ಒಯ್ಯಬಹುದಲ್ವಾ? ತೋಟಕ್ಕೆ ಹೋಗಿ ನೋಡಿದರೆ ಉತ್ತರ ತಾನಾಗೇ ಸಿಗುತ್ತೆ. ಗಿಡಗಳ ಮಧ್ಯೆ ಉದ್ದನೆಯ ಏಣಿ ಮಲಗಿಸಿದರೆ ಕಾಫಿ ರೆಕ್ಕೆಗಳು ಮುರಿಯುತ್ತವೆ, ಇಳಿಜಾರಿನಲ್ಲಿ ತಿರುಗಿಸೋಕೆ ಜಾಗ ಇಲ್ಲ, ಮತ್ತೆ ಎತ್ತಿ ನಿಲ್ಲಿಸೋಕೆ ಇಬ್ಬರು ಬೇಕು. ಹಾಗಾಗಿ ನೆಟ್ಟಗೆ ಹಿಡಿದೇ ನಡೆಯುತ್ತಾರೆ. ಕಣ್ಣು ಕಾಲಿನ ಕಡೆ ಇರುತ್ತೆ, ಏಣಿಯ ತುದಿ ಸೊಪ್ಪಿನ ಮರೆಯಲ್ಲಿ, ತಂತಿಯೂ ಸೊಪ್ಪಿನ ಮರೆಯಲ್ಲಿ.

ಏಣಿ ಎಷ್ಟು ಭಾರ ತಡೆಯುತ್ತೆ ಅಂತ ಲೆಕ್ಕ ಹಾಕೋದು ಇಂಜಿನಿಯರಿಂಗ್. ಏಣಿ ಹತ್ತದೇ ಇರುವಾಗ, ಬರೀ ಹೊತ್ತು ನಡೆಯುವಾಗ ಅದು ಏನು ಮಾಡುತ್ತೆ, ಹೊತ್ತವನು ಎಲ್ಲಿ ನೋಡ್ತಾನೆ, ಏಕೆ ಹಾಗೆ ಹಿಡೀತಾನೆ ಅಂತ ಕೇಳುವುದರಿಂದ ಇಂಡಸ್ಟ್ರಿಯಲ್ ಡಿಸೈನ್ ಶುರುವಾಗುತ್ತೆ.

ಹಾಗಾದ್ರೆ ಇಂಡಸ್ಟ್ರಿಯಲ್ ಡಿಸೈನ್ ಅಂದ್ರೇನು?

ಕಾರ್ಖಾನೆಯಲ್ಲಿ ಒಂದೇ ಥರ ಸಾವಿರಾರು ಸಂಖ್ಯೆಯಲ್ಲಿ ತಯಾರಾಗುವ ವಸ್ತು ಮನುಷ್ಯನ ಕೈಗೆ, ಕಣ್ಣಿಗೆ, ಜೇಬಿಗೆ, ಜಾಗಕ್ಕೆ ಹೊಂದುವ ಹಾಗೆ ಅದರ ರೂಪ ಮತ್ತು ಬಳಕೆಯನ್ನ ನಿರ್ಧರಿಸುವ ಕೆಲಸ ಇದು. ಪ್ರಾಡಕ್ಟ್ ಡಿಸೈನ್ ಅಂತಲೂ ಕರೀತಾರೆ. ಮಿಕ್ಸಿಯ ಹಿಡಿ, ಬಸ್ಸಿನ ಸೀಟು, ಆಸ್ಪತ್ರೆಯ ಮಂಚ, ನೀರಿನ ಪಂಪಿನ ಸ್ವಿಚ್ಚು, ಎಲ್ಲದರ ಹಿಂದೆ ಯಾರೋ ಒಬ್ಬರು ಈ ತೀರ್ಮಾನ ಮಾಡಿರುತ್ತಾರೆ. ಮಾಡದೇ ಬಿಟ್ಟಿದ್ದರೆ ಅದೂ ಬಳಸುವಾಗ ಗೊತ್ತಾಗುತ್ತೆ.

ನಮ್ಮ ದೇಶದಲ್ಲಿ ಈ ಓದಿನ ಕಥೆ 1958ರಿಂದ ಶುರು. ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಭಾರತ ಸರ್ಕಾರದ ಕೋರಿಕೆ ಮೇಲೆ ದೇಶ ಸುತ್ತಿ ಒಂದು ವರದಿ ಬರೆದರು. ಅದರಲ್ಲಿ ಅವರು ಅತಿ ಹೆಚ್ಚು ಮೆಚ್ಚಿಕೊಂಡ ವಸ್ತು ಯಾವುದು ಗೊತ್ತಾ? ನಮ್ಮ ಮನೆಯ ಚೊಂಬು. ಅದರ ಹೊಟ್ಟೆ, ಕತ್ತು, ಅಂಚು, ತುಂಬಿದಾಗಿನ ತೂಕ, ಸೊಂಟದ ಮೇಲೆ ಕೂರುವ ರೀತಿ, ಸುರಿಯುವ ರೀತಿ, ತೊಳೆಯುವ ರೀತಿ, ಬೆಲೆ, ಇಷ್ಟನ್ನೂ ಪ್ರಶ್ನೆಗಳಾಗಿ ಬಿಡಿಸಿ ನೋಡಿದರು. ಆ ವರದಿಯ ಬೆನ್ನಿಗೆ 1961ರಲ್ಲಿ ಅಹಮದಾಬಾದಿನಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್, ಅಂದ್ರೆ ಎನ್‌ಐಡಿ ಶುರುವಾಯ್ತು. 1969ರಲ್ಲಿ ಐಐಟಿ ಬಾಂಬೆಯಲ್ಲಿ ಇಂಡಸ್ಟ್ರಿಯಲ್ ಡಿಸೈನ್ ಸೆಂಟರ್, ಅಂದ್ರೆ ಐಡಿಸಿ ಬಂತು.

ಚೊಂಬಿನ ಥರವೇ ನಮ್ಮ ಮಲೆನಾಡಿನಲ್ಲೂ ಒಂದು ವಸ್ತು ಇದೆ: ಗೊರಬು. ಕೆಲವು ಕಡೆ ಗೊರಗ ಅಂತಾರೆ. ಬಿದಿರಿನ ಹೆಣಿಗೆಯ ಮೇಲೆ ಎಲೆ ಹೊದಿಸಿ ದೋಣಿ ಥರ ಮಾಡಿ ತಲೆಯಿಂದ ಬೆನ್ನಿನವರೆಗೆ ಹಾಕಿಕೊಳ್ಳುವುದು. ಜಡಿಮಳೆಯಲ್ಲಿ ಬಗ್ಗಿ ನಾಟಿ ಹಾಕುವಾಗ ಕೊಡೆ ಕೆಲಸಕ್ಕೆ ಬರಲ್ಲ, ಯಾಕಂದ್ರೆ ಕೊಡೆ ಮಾಡಿರೋದು ನಿಂತವರಿಗೆ. ಗೊರಬು ಮಾಡಿರೋದು ಬಗ್ಗಿದವರಿಗೆ, ಎರಡೂ ಕೈ ಖಾಲಿ ಬೇಕಾದವರಿಗೆ. ಅದನ್ನ ಮಾಡಿದವರಿಗೆ ಎರ್ಗನಾಮಿಕ್ಸ್ ಅನ್ನೋ ಪದ ಗೊತ್ತಿರಲಿಲ್ಲ, ಆದರೆ ನಾಟಿ ಹಾಕುವ ಬೆನ್ನು ಗೊತ್ತಿತ್ತು. ಈಗ ಅದರ ಜಾಗಕ್ಕೆ ಪ್ಲಾಸ್ಟಿಕ್ ಕೊಪ್ಪೆ ಬಂದಿದೆ. ಹಗುರ, ಅಗ್ಗ. ಆದರೆ ಒಳಗೆ ಬೆವರುತ್ತೆ, ಗಾಳಿಗೆ ಹಾರುತ್ತೆ. ಇದಕ್ಕಿಂತ ಒಳ್ಳೆಯ ಮಳೆ ಉಡುಪು ಮಾಡೋದು ಕೂಡ ಒಂದು ಒಳ್ಳೆ ಡಿಸೈನ್ ಪ್ರಾಜೆಕ್ಟೇ.

ನಾವೆಲ್ಲ ಮುಟ್ಟಿರುವ ಇನ್ನೊಂದು ಉದಾಹರಣೆ ಇವಿಎಂ. ಬೆಂಗಳೂರಿನ ಬಿಇಎಲ್ ತಯಾರಿಸುವ ಈ ಮತಯಂತ್ರದ ರೂಪ ವಿನ್ಯಾಸದಲ್ಲಿ ಐಡಿಸಿಯ ಅಧ್ಯಾಪಕರ ಪಾಲಿದೆ. ಓದು ಬಾರದವರೂ ಚಿಹ್ನೆ ನೋಡಿ ನೀಲಿ ಗುಂಡಿ ಒತ್ತಬೇಕು, ಕೆಂಪು ದೀಪ ಹೊತ್ತಬೇಕು, ಬೀಪ್ ಸದ್ದು ಬರಬೇಕು. ಒಳಗಿನ ಸರ್ಕ್ಯೂಟ್ ಎಲೆಕ್ಟ್ರಾನಿಕ್ಸ್‌ನವರ ಕೆಲಸ. 'ನನ್ನ ವೋಟು ಬಿತ್ತು' ಅಂತ ಅಜ್ಜಿಗೆ ಖಾತ್ರಿ ಆಗೋದು ಡಿಸೈನಿನ ಕೆಲಸ.

ಫೈಬರ್ ಏಣಿ ಮಾಡಿಬಿಟ್ರೆ ಆಯ್ತಲ್ವಾ?

ಮೆಣಸಿನ ಏಣಿಗೆ ವಾಪಸ್ ಬರೋಣ. ಕರೆಂಟ್ ಹರಿಯದ ಗ್ಲಾಸ್ ಫೈಬರ್ ಏಣಿ ಬಳಸಿದರೆ ಮುಗೀತಲ್ಲ ಅಂತ ಎಲ್ಲರಿಗೂ ಮೊದಲು ಹೊಳೆಯುತ್ತೆ. ಹೊಳೆಯಬೇಕಾದದ್ದೇ. ಆದರೆ ಲೆಕ್ಕ ಮಾಡಿ ನೋಡಿ. ಅಲ್ಯೂಮಿನಿಯಂನ ಯಂಗ್ಸ್ ಮಾಡ್ಯುಲಸ್ ಸುಮಾರು 70 ಗಿಗಾಪಾಸ್ಕಲ್. ಪಲ್ಟ್ರೂಶನ್ ವಿಧಾನದಲ್ಲಿ ತೆಗೆದ ಗ್ಲಾಸ್ ಫೈಬರ್ ಕೊಳವೆಯದ್ದು 20ರಿಂದ 30ರ ಆಸುಪಾಸು. ಅಂದ್ರೆ ಅದೇ ಅಳತೆಯ ಕೊಳವೆ ಎರಡೂವರೆ, ಮೂರು ಪಟ್ಟು ಹೆಚ್ಚು ಬಾಗುತ್ತೆ. ಮೂವತ್ತು ಅಡಿ ಮೇಲೆ ಏಣಿ ತೂಗಾಡಿದರೆ ಹತ್ತಿದವನಿಗೆ ಜೀವ ಬಾಯಿಗೆ ಬರುತ್ತೆ.

ಬಾಗದ ಹಾಗೆ ಮಾಡಬೇಕಾದ್ರೆ ಎರಡು ದಾರಿ. ಗೋಡೆಯ ದಪ್ಪವನ್ನು ಎರಡೂವರೆ, ಮೂರು ಪಟ್ಟು ಮಾಡಿದರೆ ಏಣಿಯ ತೂಕ ಹೆಚ್ಚುಕಡಿಮೆ ಎರಡರಷ್ಟಾಗುತ್ತೆ. ಇಲ್ಲದಿದ್ರೆ ವ್ಯಾಸವನ್ನ 1.4 ಪಟ್ಟು ಮಾಡಿ. ತೆಳು ಕೊಳವೆಯಲ್ಲಿ ಬಿಗಿ ವ್ಯಾಸದ ಘನದಷ್ಟು ಹೆಚ್ಚುವುದರಿಂದ ಸುಮಾರು 2.7 ಪಟ್ಟು ಗಟ್ಟಿಯಾಗುತ್ತೆ. ಅಲ್ಯೂಮಿನಿಯಂನ ಸಾಂದ್ರತೆ 2.7, ಗ್ಲಾಸ್ ಫೈಬರಿನದು 1.9ರ ಹತ್ತಿರ, ಹಾಗಾಗಿ ತೂಕವೂ ಹೆಚ್ಚಲ್ಲ. ಪೇಪರ್ ಮೇಲೆ ಗೆದ್ದಿವಿ. ಆದರೆ 50 ಮಿ.ಮೀ. ಇದ್ದ ಕೋಲು ಈಗ 70 ಮಿ.ಮೀ. ಆಯ್ತು. ಇಬ್ಬನಿಗೆ ಒದ್ದೆಯಾದ ಕೈಯಲ್ಲಿ, ಇಳಿಜಾರಿನಲ್ಲಿ, ಆ ದಪ್ಪದ ಕೋಲನ್ನ ಹಿಡಿದು ನಡೆಯೋಕೆ ಆಗುತ್ತಾ? ಹಿಡಿ ಜಾರಿದರೆ ಏಣಿ ಬೀಳೋದು ಪಕ್ಕದವರ ಮೇಲೆ. ಮೆಟ್ಟಿಲು ಕೂರಿಸೋಕೆ ತೂತು ಕೊರೆದ ಜಾಗದಲ್ಲಿ ತೆಳು ಗೋಡೆ ತಡೆಯುತ್ತಾ? ಬೆಲೆ ಎಷ್ಟಾಗುತ್ತೆ? ಎರಡೆಕರೆಯ ಸಣ್ಣ ಬೆಳೆಗಾರ ಕೊಳ್ತಾನಾ, ಇಲ್ಲ ಹಳೇ ಏಣಿಯಲ್ಲೇ ಇನ್ನೈದು ವರ್ಷ ತಳ್ತಾನಾ?

ಬೇರೆ ದಾರಿಗಳೂ ಇವೆ. ಮೇಲಿನ ಭಾಗ ಮಾತ್ರ ಫೈಬರ್ ಮಾಡಬಹುದು. ಆದರೆ ಏಣಿ ಪಕ್ಕಕ್ಕೆ ವಾಲಿದಾಗ ತಂತಿಗೆ ತಗುಲೋದು ಮಧ್ಯದ ಭಾಗ ಆಗಿರಬಹುದು. ಮಡಚುವ ಏಣಿ ಮಾಡಬಹುದು, ನಡೆಯುವಾಗ ಗಿಡ್ಡ, ಹತ್ತುವಾಗ ಉದ್ದ. ಆದರೆ ಕಿಲೋ ಲೆಕ್ಕದಲ್ಲಿ ಕೂಲಿ ಪಡೆಯುವವರು ಪ್ರತಿ ಮರಕ್ಕೂ ಎರಡು ನಿಮಿಷ ಮಡಚೋಕೆ ಕೊಡೋದು ಕಷ್ಟ. ಒಂದು ವಾರದಲ್ಲಿ ಅದು ಮಡಚದ ಏಣಿ ಆಗಿರುತ್ತೆ. ತುದಿಯಲ್ಲಿ ಕರೆಂಟ್ ಇರುವುದನ್ನ ಪತ್ತೆ ಹಚ್ಚಿ ಕೂಗುವ ಸೆನ್ಸರ್ ಹಾಕಬಹುದು. ಬ್ಯಾಟರಿ ಮುಗಿದಾಗ ಅದು ಸುಮ್ಮನಿರುತ್ತೆ, ಕೆಲಸದವರು ಆ ಮೌನವನ್ನ 'ತಂತಿ ಇಲ್ಲ' ಅಂತ ತಿಳೀತಾರೆ. ಅದು ಸೆನ್ಸರ್ ಇಲ್ಲದ್ದಕ್ಕಿಂತ ಅಪಾಯ.

ಏಣಿಯೇ ಬೇಡ, ಮರ ಹತ್ತುವ ಯಂತ್ರ ಸಾಕು ಅನ್ನೋರೂ ಇದ್ದಾರೆ. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದ ಕೃಷಿಕ ಗಣಪತಿ ಭಟ್ಟರು ಮಾಡಿದ ಅಡಿಕೆ ಮರ ಹತ್ತುವ ಬೈಕಿನ ವಿಡಿಯೋ 2019ರಲ್ಲಿ ದೇಶವೆಲ್ಲ ಓಡಾಡಿದ್ದು ನೆನಪಿರಬಹುದು. ಅದ್ಭುತ ಕೆಲಸ. ಆದರೆ ಅದು ಬರಿ ಕಾಂಡವನ್ನ ತಬ್ಬಿ ಹತ್ತುವ ಯಂತ್ರ. ಮೆಣಸಿನ ಮರದಲ್ಲಿ ಕಾಂಡದ ಸುತ್ತ ಬಳ್ಳಿಯೇ ಇದೆ, ತಬ್ಬಿದರೆ ಬೆಳೆಯೇ ಹೋಗುತ್ತೆ. ಒಂದು ಊರಿನ ಒಳ್ಳೆಯ ಡಿಸೈನ್ ಇನ್ನೊಂದು ಊರಿಗೆ ಹಾಗೇ ಹೊಂದಲ್ಲ ಅನ್ನೋಕೆ ಇದು ಸಾಕ್ಷಿ.

ಕೊನೆಗೆ ಒಂದು ಗುಂಪಿನ ಉತ್ತರಗಳಲ್ಲಿ ಏಣಿ ಬರೋದೇ ಇಲ್ಲ. ತಂತಿ ಹಾದು ಹೋಗುವ ಸಾಲಿನ ಮರಗಳಿಗೆ ಕುಯ್ಲಿನ ಮುಂಚೆ ಕೆಂಪು ಬಣ್ಣ ಬಳಿಯೋದು. ಆ ಸಾಲಿನಲ್ಲಿ ಮೆಣಸು ಹಬ್ಬಿಸದೇ ಇರೋದು, ಅಥವಾ ಬಳ್ಳಿಯನ್ನ ಗಿಡ್ಡ ಇಡೋದು. ತೋಟದೊಳಗಿನ ಬರಿ ತಂತಿಗೆ ಬದಲು ಹೊದಿಕೆ ಇರುವ ತಂತಿ ಹಾಕಿಸಿ ಅಂತ ಸೆಸ್ಕ್‌ಗೆ ಬೇಡಿಕೆ ಇಡೋದು. ಆ ಸಾಲು ಕುಯ್ಯುವ ದಿನ ಲೈನ್‌ಮನ್‌ಗೆ ಹೇಳಿ ಕರೆಂಟ್ ತೆಗೆಸೋದು. ಏಣಿ ಡಿಸೈನ್ ಮಾಡೋಕೆ ಹೋದವರು ಬಣ್ಣದ ಡಬ್ಬಿ ಹಿಡಿದು ವಾಪಸ್ ಬರಬಹುದು. ಡಿಸೈನ್ ಓದಿನಲ್ಲಿ ಇದನ್ನ ಸೋಲು ಅನ್ನಲ್ಲ. ಸಮಸ್ಯೆ ಏನು ಅಂತ ಸರಿಯಾಗಿ ಗುರುತಿಸೋದೇ ಅರ್ಧ ಕೆಲಸ, ಎಂ.ಡೆಸ್. ಪ್ರವೇಶ ಪರೀಕ್ಷೆಯಲ್ಲಿ ಅದಕ್ಕೇ ಅಂಕ ಇದೆ.

ಕಂಪ್ಯೂಟರ್ ಸೈನ್ಸ್, ಇ.ಸಿ.ಯವರಿಗೂ ಇದೆ

ಇದು ಮೆಕ್ಯಾನಿಕಲ್‌ನವರಿಗೆ ಮಾತ್ರ ಅಂದುಕೊಳ್ಳಬೇಡಿ. ಆಲೂರು, ಸಕಲೇಶಪುರದ ದೊಡ್ಡ ಸಂಕಟ ಆನೆ. ಬೆಳಗ್ಗೆ ಕೆಲಸಕ್ಕೆ ಹೊರಟವರಿಗೆ ಯಾವ ತೋಟದಲ್ಲಿ ಆನೆ ಇದೆ ಅಂತ ಗೊತ್ತಾಗದೇ ಎದುರಾಗಿ ಜೀವ ಹೋಗುತ್ತೆ. ತಮಿಳುನಾಡಿನ ವಾಲ್ಪಾರೈನ ಟೀ ತೋಟಗಳಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಇದಕ್ಕೆ ಒಂದು ಮುನ್ನೆಚ್ಚರಿಕೆ ವ್ಯವಸ್ಥೆ ಮಾಡಿದ್ರು. ಆನೆ ಇರುವ ಜಾಗದ ಎಸ್‌ಎಂಎಸ್, ಸ್ಥಳೀಯ ಟಿ.ವಿ.ಯಲ್ಲಿ ಸುದ್ದಿ, ಮೊಬೈಲ್‌ನಿಂದಲೇ ಹೊತ್ತಿಸಬಹುದಾದ ಕೆಂಪು ದೀಪ. ಇದನ್ನ ಮುನ್ನಡೆಸಿದ ವಿಜ್ಞಾನಿ ಆನಂದ ಕುಮಾರ್ ಅವರಿಗೆ 2015ರಲ್ಲಿ ವಿಟ್ಲಿ ಪ್ರಶಸ್ತಿ ಬಂತು. ಅದೇ ಸಂಸ್ಥೆ ಅರಣ್ಯ ಇಲಾಖೆ ಜೊತೆ ಸೇರಿ ಹಾಸನದ ಈ ಗುಡ್ಡಗಳಲ್ಲೂ ಕೆಲಸ ಮಾಡಿದೆ.

ತಂತ್ರಜ್ಞಾನವಾಗಿ ನೋಡಿದರೆ ಎಸ್‌ಎಂಎಸ್ ಕಳಿಸೋದು ನಮ್ಮ ಎರಡನೇ ವರ್ಷದ ಮಿನಿ ಪ್ರಾಜೆಕ್ಟ್. ಆದರೆ ಡಿಸೈನ್ ಪ್ರಶ್ನೆ ಬೇರೆ. ಲೈನ್ ಮನೆಯಲ್ಲಿ ಇರುವವರಿಗೆ ಸಿಗ್ನಲ್ ಸಿಗುತ್ತಾ? ಹೊರರಾಜ್ಯದಿಂದ ಕುಯ್ಲಿಗೆ ಬಂದವರಿಗೆ ಕನ್ನಡ ಓದೋಕೆ ಬರುತ್ತಾ? ಬರದಿದ್ರೆ ಧ್ವನಿ ಕರೆ ಬೇಕು, ಅದೂ ಅವರ ಭಾಷೆಯಲ್ಲಿ. ದೀಪ ಎಲ್ಲಿ ಇರಬೇಕು, ಬಸ್ ಸ್ಟಾಪಲ್ಲೋ ತೋಟದ ಗೇಟಲ್ಲೋ? ದಿನಾ ಹೊತ್ತಿದ್ರೆ ಜನ ಅದನ್ನ ನೋಡೋದು ಬಿಡ್ತಾರಾ? ಇಂಟರಾಕ್ಷನ್ ಡಿಸೈನ್ ಅನ್ನೋ ಶಾಖೆಯಲ್ಲಿ ಎರಡು ವರ್ಷ ಕಲಿಸೋದು ಇಂಥ ಪ್ರಶ್ನೆ ಕೇಳೋದನ್ನೇ.

ಎಲ್ಲಿ ಓದೋದು, ಯಾವ ಪರೀಕ್ಷೆ?

ಬಿ.ಇ. ಮುಗಿಸಿದವರಿಗೆ ಸರಿಯಾದ ದಾರಿ ಎಂ.ಡೆಸ್., ಅಂದ್ರೆ ಮಾಸ್ಟರ್ ಆಫ್ ಡಿಸೈನ್. ಸಾಮಾನ್ಯವಾಗಿ ಎರಡು ವರ್ಷ. ಮುಖ್ಯವಾಗಿ ಮೂರು ಬಾಗಿಲುಗಳಿವೆ.

ಮೊದಲನೆಯದು ಕಾಮನ್ ಎಂಟ್ರೆನ್ಸ್ ಎಕ್ಸಾಮಿನೇಶನ್ ಫಾರ್ ಡಿಸೈನ್, ಚಿಕ್ಕದಾಗಿ ಸೀಡ್. ಐಐಟಿ ಬಾಂಬೆ ನಡೆಸುತ್ತೆ, ಸಾಮಾನ್ಯವಾಗಿ ಜನವರಿಯಲ್ಲಿ. ಕೊನೇ ವರ್ಷದಲ್ಲಿ ಇರುವವರೂ ಬರೆಯಬಹುದು, ವಯಸ್ಸಿನ ಮಿತಿ ಇಲ್ಲ, ಅಂಕ ಒಂದು ವರ್ಷ ಮಾತ್ರ ಚಾಲ್ತಿ. ಪರೀಕ್ಷೆಗೆ ಎರಡು ಭಾಗ. ಎ ಭಾಗ ಕಂಪ್ಯೂಟರ್ ಮೇಲೆ: ಆಕಾರಗಳನ್ನ ಮನಸ್ಸಿನಲ್ಲೇ ತಿರುಗಿಸಿ ನೋಡೋದು, ತರ್ಕ, ಗಮನಿಸುವ ಶಕ್ತಿ, ಸುತ್ತಲಿನ ಸಮಾಜದ ಅರಿವು. ಇದರಲ್ಲಿ ಕಟ್ ಆಫ್ ದಾಟಿದರೆ ಮಾತ್ರ ಬಿ ಭಾಗದ ಮೌಲ್ಯಮಾಪನ. ಬಿ ಭಾಗದಲ್ಲಿ ಕೈಯಲ್ಲಿ ಸ್ಕೆಚ್ ಮಾಡಬೇಕು, ಸಮಸ್ಯೆ ಗುರುತಿಸಬೇಕು, ಪರಿಹಾರ ಚಿತ್ರಿಸಿ ವಿವರಿಸಬೇಕು. ಬಾಂಬೆ, ಡೆಲ್ಲಿ, ಗುವಾಹಟಿ, ಕಾನ್ಪುರ, ಹೈದರಾಬಾದ್ ಮುಂತಾದ ಐಐಟಿಗಳು ಈ ಅಂಕದ ಮೇಲೆ ಕರೆದು, ಆಮೇಲೆ ಪೋರ್ಟ್‌ಫೋಲಿಯೋ ನೋಡಿ, ಸಂದರ್ಶನ ಮಾಡಿ ಸೀಟು ಕೊಡುತ್ತವೆ.

ಎರಡನೆಯದು ಎನ್‌ಐಡಿ. ಅದಕ್ಕೆ ಬೇರೆಯದೇ ಆಪ್ಟಿಟ್ಯೂಡ್ ಟೆಸ್ಟ್, ಪ್ರಿಲಿಮ್ಸ್ ಮತ್ತು ಮೇನ್ಸ್ ಎರಡು ಹಂತ. ಬೆಂಗಳೂರಿನಲ್ಲೂ ಅದರ ಕ್ಯಾಂಪಸ್ ಇದೆ.

ಮೂರನೆಯದು ನಮಗೆ ಹತ್ತಿರದ್ದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿನ ಡಿಸೈನ್ ಮತ್ತು ಮ್ಯಾನ್ಯುಫ್ಯಾಕ್ಚರಿಂಗ್ ವಿಭಾಗದ ಎಂ.ಡೆಸ್. ಇಂಜಿನಿಯರಿಂಗ್ ಕಡೆಗೆ ಹೆಚ್ಚು ವಾಲುತ್ತೆ. ಸೀಡ್ ಜೊತೆಗೆ ಗೇಟ್ ಅಂಕಕ್ಕೂ ಅಲ್ಲಿ ಬೆಲೆ ಇದೆ. ಹಾಗಾಗಿ ಗೇಟ್‌ಗೆ ಓದ್ತಿರೋರು ಈ ಬಾಗಿಲನ್ನ ಮರೆಯಬೇಡಿ. ಅರ್ಹತೆ, ದಿನಾಂಕ, ಶುಲ್ಕ ವರ್ಷದಿಂದ ವರ್ಷಕ್ಕೆ ಬದಲಾಗುತ್ತೆ, ಆಯಾ ವರ್ಷದ ಅಧಿಕೃತ ಮಾಹಿತಿ ಪುಸ್ತಿಕೆ ನೋಡಿಯೇ ಅರ್ಜಿ ಹಾಕಿ. ಮನೆಯಲ್ಲಿ ಪಿ.ಯು. ಓದುವ ತಮ್ಮ ತಂಗಿ ಇದ್ರೆ, ಅವರಿಗೆ ಬಿ.ಡೆಸ್.ಗೆ ಯೂಸೀಡ್ ಅನ್ನೋ ಪರೀಕ್ಷೆ ಇದೆ ಅಂತ ತಿಳಿಸಿ.

ಡ್ರಾಯಿಂಗ್ ಬರಲ್ಲ ಅನ್ನೋ ಹೆದರಿಕೆ ಬೇಡ. ಇವರು ಕೇಳೋದು ರವಿವರ್ಮನ ಚಿತ್ರ ಅಲ್ಲ. ಫಸ್ಟ್ ಇಯರ್‌ನಲ್ಲಿ ಬೈಕೊಂಡು ಕಲಿತ ಐಸೊಮೆಟ್ರಿಕ್ ವ್ಯೂ ಇದೆಯಲ್ಲ, ಅದನ್ನ ಸ್ಕೇಲ್ ಇಲ್ಲದೇ, ಎರಡು ನಿಮಿಷದಲ್ಲಿ, ಪಕ್ಕದಲ್ಲಿ ಒಂದು ಕೈ ಹಿಡಿದಿರುವ ಹಾಗೆ ಬರೆಯೋಕೆ ಬಂದ್ರೆ ಸಾಕು. ದಿನಕ್ಕೆ ಅರ್ಧ ಗಂಟೆ, ಮೆಸ್ಸಿನ ಲೋಟ, ಹಾಸ್ಟೆಲ್ ಬಕೆಟ್, ಲ್ಯಾಬಿನ ವೈಸ್ ಬರೀತಾ ಹೋಗಿ. ಆರು ತಿಂಗಳಲ್ಲಿ ಕೈ ಪಳಗುತ್ತೆ.

ಪೋರ್ಟ್‌ಫೋಲಿಯೋ: ನಮ್ಮ ಗುಡ್ಡದಲ್ಲೇ ಇದೆ

ಸೀಟಿಗೂ ಕೆಲಸಕ್ಕೂ ಎಲ್ಲಕ್ಕಿಂತ ಹೆಚ್ಚು ನೋಡೋದು ಪೋರ್ಟ್‌ಫೋಲಿಯೋ. ನಾಲ್ಕೈದು ಪ್ರಾಜೆಕ್ಟ್ ಸಾಕು, ಆದರೆ ಪ್ರತಿಯೊಂದರಲ್ಲೂ ನೀವು ಹೇಗೆ ಯೋಚಿಸಿದ್ರಿ ಅನ್ನೋದು ಕಾಣಬೇಕು. ಇಂಟರ್ನೆಟ್ಟಿನಲ್ಲಿ ನೋಡಿ ಮಾಡಿದ ಹೊಳೆಯುವ ಹೆಡ್‌ಫೋನ್ ರೆಂಡರ್ ಎಲ್ಲರ ಹತ್ತಿರವೂ ಇರುತ್ತೆ. ಮೆಣಸಿನ ಏಣಿಯನ್ನ ಮೂರು ದಿನ ಹಿಂಬಾಲಿಸಿ ನೋಡಿದವರು ಸಂದರ್ಶನದ ಕೋಣೆಯಲ್ಲಿ ನೀವೊಬ್ಬರೇ ಇರಬಹುದು. ಮಲೆನಾಡಿನಿಂದ, ಹಳ್ಳಿಯಿಂದ ಬಂದ ನಮ್ಮಂಥವರಿಗೆ ಇದು ದೊಡ್ಡ ಅನುಕೂಲ.

ಹೇಗೆ ಶುರು ಮಾಡೋದು? ಐದನೇ ಸೆಮಿಸ್ಟರ್‌ನಲ್ಲಿ ಒಂದೇ ಒಂದು ಕೆಲಸ ಆರಿಸಿಕೊಳ್ಳಿ: ಕಾಫಿ ಕುಯ್ಯೋದು, ಕಣದಲ್ಲಿ ಒಣಗಿಸೋದು, ಮರಗಸಿ, ಶುಂಠಿ ತೊಳೆಯೋದು. ಸುಮ್ನೆ ಕೂತು ನೋಡಿ. ಒಂದು ಕೆಲಸದಲ್ಲಿ ಎಷ್ಟು ಸಲ ಬಗ್ತಾರೆ, ಎಲ್ಲಿ ನಿಲ್ಲಿಸಿ ಸೊಂಟ ಹಿಡ್ಕೋತಾರೆ, ಯಾವ ಉಪಕರಣಕ್ಕೆ ತಾವೇ ಬಟ್ಟೆ ಸುತ್ತಿದ್ದಾರೆ, ತಂತಿ ಕಟ್ಟಿದ್ದಾರೆ ಅಂತ ಬರೆದುಕೊಳ್ಳಿ. ಆ ಬಟ್ಟೆ, ಆ ತಂತಿ ಇದೆಯಲ್ಲ, ಅಲ್ಲೇ ಡಿಸೈನ್ ಸೋತಿರೋದು.

ಆಮೇಲೆ ಅಳತೆ. ದೇಬಕುಮಾರ್ ಚಕ್ರವರ್ತಿ ಅವರು ಭಾರತೀಯರ ದೇಹದ ಅಳತೆಗಳನ್ನ ಸಂಗ್ರಹಿಸಿ ಮಾಡಿದ ಪುಸ್ತಕವನ್ನ ಎನ್‌ಐಡಿ 1997ರಲ್ಲಿ ಪ್ರಕಟಿಸಿದೆ. ಲೈಬ್ರರಿಯಲ್ಲಿ ಇಲ್ಲದಿದ್ರೆ ತರಿಸೋಕೆ ಹೇಳಿ. ಸರಾಸರಿ ಮನುಷ್ಯನಿಗೆ ಅಂತ ಮಾಡಿದ ಹಿಡಿ ಅರ್ಧ ಜನಕ್ಕೆ ದೊಡ್ಡದು, ಅರ್ಧ ಜನಕ್ಕೆ ಚಿಕ್ಕದು. ಕಾಫಿ ಕುಯ್ಯುವವರಲ್ಲಿ ಹೆಂಗಸರೇ ಹೆಚ್ಚು, ಅವರ ಅಂಗೈ ಅಳತೆ ಬಿಟ್ಟು ಉಪಕರಣ ಮಾಡಿದರೆ ಯಾರಿಗೆ ಮಾಡಿದ ಹಾಗಾಯ್ತು?

ಮಾಡೆಲ್ ಮಾಡೋಕೆ ದುಡ್ಡು ಬೇಡ. ರಟ್ಟು, ಪಿ.ವಿ.ಸಿ. ಪೈಪು, ಥರ್ಮೊಕೋಲ್, ಸೈಕಲ್ ಟ್ಯೂಬು ಸಾಕು. ಕ್ಯಾಡ್ ಕೊನೆಗೆ. ಮೊದಲೇ ಕ್ಯಾಡ್‌ಗೆ ಕೂತರೆ ಸ್ಕ್ರೀನ್ ಮೇಲೆ ಚೆನ್ನಾಗಿರುವುದಕ್ಕೆ ಮನಸ್ಸು ಅಂಟಿಕೊಂಡುಬಿಡುತ್ತೆ. ಏಳನೇ ಸೆಮಿಸ್ಟರ್‌ಗೆ ಅದನ್ನೇ ಫೈನಲ್ ಇಯರ್ ಪ್ರಾಜೆಕ್ಟ್ ಮಾಡಿ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ದಶಕಗಳಿಂದ ಸಹಾಯಧನ ಕೊಡ್ತಾ ಬಂದಿದೆ. ಕಾಲೇಜಿನ ಮೂಲಕ ಅರ್ಜಿ ಹಾಕಬೇಕು.

ಮೂರು ಮಾತು ಕಡ್ಡಾಯ. ಒಂದು, ತೋಟಕ್ಕೆ ಹೋಗುವಾಗ ಮಾಲೀಕರ ಒಪ್ಪಿಗೆ ಮಾತ್ರ ಸಾಲದು, ಕೆಲಸ ಮಾಡುವವರ ಒಪ್ಪಿಗೆಯೂ ಬೇಕು. ಕೇಳದೇ ವಿಡಿಯೋ ಮಾಡಬೇಡಿ. ಎರಡು, ಕಿಲೋ ಲೆಕ್ಕದ ಕೂಲಿಯವರನ್ನ ಮಾತಿಗೆ ನಿಲ್ಲಿಸಿದರೆ ಅವರ ದುಡ್ಡು ಹೋಗುತ್ತೆ. ಊಟದ ಹೊತ್ತಿಗೆ, ಇಲ್ಲ ಸಂಜೆ ಮಾತಾಡಿಸಿ. ಮೂರು, ಏಣಿಯ ಮಾಡೆಲ್ಲನ್ನ ತಂತಿ ಇರುವ ಕಡೆ ಯಾವ ಕಾರಣಕ್ಕೂ ಪರೀಕ್ಷೆ ಮಾಡಬೇಡಿ. ಫೈಬರ್ ಆಗಲಿ ಬಿದಿರಾಗಲಿ, ಒದ್ದೆಯಾದ್ರೆ ಅದೂ ಕರೆಂಟ್ ಹರಿಸುತ್ತೆ.

ಕೆಲಸ ಸಿಗುತ್ತಾ?

ಅಪ್ಪನ ಪ್ರಶ್ನೆಗೆ ಉತ್ತರ ಕೊಡಲೇಬೇಕಲ್ಲ. ಗಾಡಿ, ವಾಚು, ಗೃಹಬಳಕೆ ವಸ್ತು, ಪೀಠೋಪಕರಣ, ವೈದ್ಯಕೀಯ ಉಪಕರಣ ತಯಾರಿಸುವ ಕಂಪನಿಗಳಲ್ಲಿ ಡಿಸೈನ್ ತಂಡಗಳಿವೆ. ಬೇರೆ ಬೇರೆ ಕಂಪನಿಗಳಿಗೆ ಕೆಲಸ ಮಾಡಿಕೊಡುವ ಡಿಸೈನ್ ಸ್ಟುಡಿಯೋಗಳಿವೆ. ಬೆಂಗಳೂರು, ಹೊಸೂರು ಸುತ್ತಲೇ ಇಂಥವು ಸಾಕಷ್ಟಿವೆ. ಬೆಂಗಳೂರಿನ ಜಿಇ ಹೆಲ್ತ್‌ಕೇರ್ ತಂಡ ಹಳ್ಳಿ ಡಾಕ್ಟರಿಗೆ ಅಂತ ಮಾಡಿದ ಮ್ಯಾಕ್ 400 ಅನ್ನೋ ಸಣ್ಣ ಇಸಿಜಿ ಯಂತ್ರದ ಪ್ರಿಂಟರ್, ಬಸ್ ಟಿಕೆಟ್ ಮೆಷಿನ್ನಿನ ಪ್ರಿಂಟರ್‌ನಿಂದ ಬಂದದ್ದು. ಬಸ್ಸಿನ ಧೂಳು, ಕುಲುಕಾಟ ತಡೆಯುವುದು ಹಳ್ಳಿಯಲ್ಲೂ ತಡೆಯುತ್ತೆ ಅನ್ನೋದು ಅದರ ಹಿಂದಿನ ತರ್ಕ.

ಆದರೆ ನಿಜ ಹೇಳಬೇಕು. ಸಾಫ್ಟ್‌ವೇರ್ ಕಂಪನಿಗಳ ಹಾಗೆ ಒಂದೇ ದಿನ ನೂರು ಜನರನ್ನ ತೆಗೆದುಕೊಳ್ಳೋ ಕ್ಷೇತ್ರ ಇದಲ್ಲ. ಸೀಟು ಕಡಿಮೆ, ಹುದ್ದೆಗಳು ಚದುರಿವೆ, ಹುಡುಕಿಕೊಂಡು ಹೋಗಬೇಕು. ಓದಿದ ಮೇಲೆ ಬಹಳ ಜನ ಆ್ಯಪ್ ಮತ್ತು ಸ್ಕ್ರೀನ್ ಡಿಸೈನ್ ಕಡೆ ಹೋಗ್ತಾರೆ, ಅಲ್ಲಿ ಅವಕಾಶ ಹೆಚ್ಚು. ವಸ್ತುಗಳಲ್ಲೇ ಉಳಿಯಬೇಕು ಅನ್ನೋರಿಗೆ ನಮ್ಮ ಬಿ.ಇ. ಆಸ್ತಿ. ಬರೀ ರೂಪ ಬರೆಯೋರಿಗಿಂತ, ಈ ಪ್ಲಾಸ್ಟಿಕ್ ಭಾಗ ಅಚ್ಚಿನಿಂದ ಹೊರಗೆ ಬರುತ್ತಾ, ಎಷ್ಟು ಖರ್ಚಾಗುತ್ತೆ, ಎಲ್ಲಿ ಬಿರಿಯುತ್ತೆ ಅಂತ ಗೊತ್ತಿರುವವರು ಕಂಪನಿಗೆ ಬೇಕು. ಒಂದು ಇಂಟರ್ನ್‌ಶಿಪ್ ಮಾಡಿ ನೋಡದೇ ತೀರ್ಮಾನ ಮಾಡಬೇಡಿ. ಎರಡು ತಿಂಗಳು ಯಾವುದಾದರೂ ಸ್ಟುಡಿಯೋದಲ್ಲೋ, ಇಲ್ಲೇ ಊರಿನ ಪಲ್ಪರ್, ಸ್ಪ್ರೇಯರ್ ರಿಪೇರಿ ವರ್ಕ್‌ಶಾಪಿನಲ್ಲೋ ಕೂತರೆ ಈ ಕೆಲಸ ನಮಗೆ ಒಗ್ಗುತ್ತೋ ಇಲ್ವೋ ಅಂತ ಗೊತ್ತಾಗುತ್ತೆ.

ಈ ಓದಿಗೆ ಹೋಗದಿದ್ರೂ ಪರವಾಗಿಲ್ಲ. ನಾಳೆ ನಾವು ಪಂಪ್ ಕಂಪನಿಯಲ್ಲೋ, ವಿದ್ಯುತ್ ನಿಗಮದಲ್ಲೋ ಇಂಜಿನಿಯರ್ ಆಗಿ ಕೂತಾಗ, ಒಂದು ಡ್ರಾಯಿಂಗ್‌ಗೆ ಸಹಿ ಹಾಕುವ ಮುಂಚೆ 'ಇದನ್ನ ಹೊತ್ತು ನಡೆಯೋರು ಯಾರು, ಎಲ್ಲಿ, ತಲೆ ಮೇಲೆ ಏನಿದೆ' ಅಂತ ಒಂದು ಸಲ ಕೇಳಿದರೆ ಸಾಕು. ಮೆಣಸಿನ ಕುಯ್ಲು ಮತ್ತೆ ಬರುತ್ತೆ. ಏಣಿ ಪ್ರಾಜೆಕ್ಟ್ ಕೈಗೆತ್ತಿಕೊಳ್ಳುವ ಆಸಕ್ತಿ ಇರುವವರು, ಯಾವ ಬ್ರಾಂಚ್ ಆದರೂ ಸರಿ, ಕ್ಲಬ್ಬಿನವರನ್ನ ಬಂದು ಕಾಣಿ. ತೋಟದ ಪರಿಚಯ ಇರುವವರು ನಮ್ಮಲ್ಲೇ ಬಹಳ ಜನ ಇದ್ದಾರೆ.